ಸತ್ತ ಟ್ಯೂಬು, ನಾಲ್ಕು ಫಿಲ್ಮು

ಗಾಜಿನ ಕೊಳವೆ ಅಣ್ಣನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಅವನ ಕೈಯಿಂದ ಗಾಜು ಜಾರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಯಾರನ್ನೂ ಬೈಯಲಿಲ್ಲ. ಬಲಗೈಯನ್ನು ಎದೆಗೊತ್ತಿಕೊಂಡು ಸ್ಟೂಲಿನ ಮೇಲೆ ಕುಸಿದ.

"ಏನಾಯ್ತೋ?"

"ಉರಿ ಕಣೇ. ಎರಡು ದಿನದಿಂದ."

ಕೈ ಹಿಡಿದು ನೋಡಿದೆ. ಕಿರುಬೆರಳು, ಉಂಗುರದ ಬೆರಳು, ಅಲ್ಲಿಂದ ಮಣಿಕಟ್ಟಿನವರೆಗೆ ಕೈಯ ಹೊರಬದಿಯೆಲ್ಲ ಕೆಂಪಗೆ ಊದಿತ್ತು. ಎರಡು ಬೊಬ್ಬೆ ಆಗಲೇ ಒಡೆದಿದ್ದವು. ಹೆಬ್ಬೆರಳಿನ ಕಡೆ ಏನೂ ಇಲ್ಲ. ಅಂಗೈ ಮಾಮೂಲಿನಂತೆಯೇ ಇತ್ತು. ಬೆಂಕಿ ತಾಗಿದ್ದಲ್ಲ ಅಂದ. ದಿನವಿಡೀ ಬೆಂಕಿಯ ಮುಂದೆ ಕೂರುವವನಿಗೆ ಬೆಂಕಿ ತಾಗಿದರೆ ಗೊತ್ತಾಗದೆ ಇರುತ್ತದೆಯೇ?

ಅಂಗಡಿಗಳ ನೆತ್ತಿಯ ಮೇಲೆ ಕೆಂಪಗೆ ನೀಲಿಯಾಗಿ ಉರಿಯುವ ನಿಯಾನ್ ಅಕ್ಷರಗಳಿರುತ್ತವಲ್ಲ, ಅವನ್ನು ಮಾಡುವವನು ನನ್ನ ಅಣ್ಣ. ಕೊಳವೆಯನ್ನು ಎರಡೂ ಕೈಯ ಬೆರಳ ತುದಿಯಲ್ಲಿ ಒಂದೇ ಸಮ ಹೊರಳಿಸುತ್ತ ಬರ್ನರಿನ ಉರಿಯಲ್ಲಿ ಮೆತ್ತಗೆ ಮಾಡಿ, ಊದಿ, ಬಗ್ಗಿಸಬೇಕು. ಒಂದು ಬೆರಳು ಸೋತರೂ ಗಾಜು ಸೊಟ್ಟ. ಅವನ ಬಂಡವಾಳ ಅಂತ ಇದ್ದದ್ದು ಆ ಹತ್ತು ಬೆರಳೇ.

ಆಸ್ಪತ್ರೆಯಲ್ಲಿ ಡಾಕ್ಟರು ಕೈಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಒಂದು ವಿಚಿತ್ರ ಪ್ರಶ್ನೆ ಕೇಳಿದರು — ಎಕ್ಸ್‌ರೇ ಯಂತ್ರದ ಹತ್ತಿರ ಕೆಲಸ ಮಾಡುತ್ತೀರಾ? ಇಲ್ಲ ಅಂದ ಅಣ್ಣ. ಡಾಕ್ಟರು ಕನ್ನಡಕ ತೆಗೆದರು. ಇದು ವಿಕಿರಣದ ಸುಟ್ಟಗಾಯ, ಮೇಲೆ ಕಾಣುವುದಕ್ಕಿಂತ ಒಳಗೆ ಹೆಚ್ಚು ಹೋಗಿದೆ, ಎರಡು ಬೆರಳು ಉಳಿಯುವುದು ಅನುಮಾನ, ಮುಂದಿನ ಸೋಮವಾರ ನೋಡಿ ತೀರ್ಮಾನ ಮಾಡೋಣ ಅಂದರು.

ನಾನು ಬಸ್ ಕಂಡಕ್ಟರು. ಹದಿನೈದು ವರ್ಷದಿಂದ ತುಂಬಿದ ಬಸ್ಸಿನಲ್ಲಿ ಟಿಕೆಟ್ ಇಲ್ಲದವರ ಮುಖ ಹುಡುಕಿ ಹಿಡಿದವಳು. ನನ್ನ ಮೂಗಿನ ತುದಿಯ ಸಿಟ್ಟು ಡಿಪೋಗೆಲ್ಲ ಗೊತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅಣ್ಣನಿಗೆ ಹೇಳಿದೆ, "ಇದನ್ನ ಮಾಡಿದೋನು ಯಾರೇ ಆಗಿರ್ಲಿ, ನಾನು ಬಿಡಲ್ಲ. ಕಂಬಿ ಎಣಿಸ್ಬೇಕು ಅವನು."

ಅಣ್ಣ ನನ್ನ ಮುಖ ನೋಡಲಿಲ್ಲ. ನೋವಿಗೆ ಹಾಗೆ ಮಾಡುತ್ತಾನೆ ಅಂದುಕೊಂಡೆ.

ಅನುಮಾನಕ್ಕೆ ದೂರ ಹೋಗಬೇಕಿರಲಿಲ್ಲ. ಅಂಗಡಿಯ ಹಿಂದೆ, ಹಲಗೆಯ ಗೋಡೆಯ ಆಚೆ ಇನ್ನೊಂದು ಕೋಣೆ ಇದೆ. ಭಾನುವಾರ ಮಧ್ಯಾಹ್ನ ಅಲ್ಲಿ ನಾಲ್ಕು ಜನ ಸೇರಿ ಆಟ ಆಡುತ್ತಾರೆ. ಇಸ್ಪೀಟಲ್ಲ, ಕರೆಂಟಿನ ಆಟ. ಗಾಳಿ ತೆಗೆದ ಗಾಜಿನ ಟ್ಯೂಬಿಗೆ ಸಾವಿರಾರು ವೋಲ್ಟ್ ಕೊಟ್ಟು ಒಳಗೆ ಹುಟ್ಟುವ ಗುಲಾಬಿ, ನೇರಳೆ ಬೆಳಕನ್ನು ನೋಡುತ್ತ ಬಾಯಿ ಬಿಟ್ಟುಕೊಂಡು ಕೂರುವುದು. ಟ್ಯೂಬು ಮಾಡುವವನು ಅಣ್ಣ. ಅದರೊಳಗಿನ ಗಾಳಿಯನ್ನು ಪಂಪಿನಿಂದ ಎಳೆಯುವವನು ಫ್ರಿಜ್ ರಿಪೇರಿಯವನು. ಅವನನ್ನು ಎಲ್ಲರೂ ತಣ್ಣಪ್ಪ ಅನ್ನುತ್ತಾರೆ. ವೋಲ್ಟೇಜಿನ ಪೆಟ್ಟಿಗೆ ಕಟ್ಟಿದವನು ರೇಡಿಯೋ ರಿಪೇರಿಯವನು, ಅಡ್ಡ ಹೆಸರು ಕರೆಂಟು. ನಾಲ್ಕನೆಯವರು ಕೆಲಸ ಕಳೆದುಕೊಂಡ ವಿಜ್ಞಾನದ ಮೇಷ್ಟ್ರು. ಅವರದು ಕಾವಲು. ಯಾರಿಗೂ ಏನೂ ಆಗದ ಹಾಗೆ ನೋಡಿಕೊಳ್ಳುವುದು.

ನನ್ನ ಲೆಕ್ಕದಲ್ಲಿ ಕಳ್ಳ ಕರೆಂಟೇ. ಅಣ್ಣನಿಗೆ ಕೈ ಉರಿ ಶುರುವಾದದ್ದು ಭಾನುವಾರ ಸಂಜೆ. ಆ ಮಧ್ಯಾಹ್ನವೇ ಕರೆಂಟು ವೋಲ್ಟೇಜ್ ಏರಿಸಬೇಕು ಅಂತ ಹಟ ಹಿಡಿದು, ಅಣ್ಣ ಬೇಡ ಅಂದು, ಇಬ್ಬರಿಗೂ ಬೀದಿಗೆ ಕೇಳುವಂತೆ ಜಗಳವಾಗಿತ್ತು. ಇನ್ನೇನು ಬೇಕು? ಅವನ ಅಂಗಡಿಗೆ ನುಗ್ಗುವವಳೇ ಇದ್ದೆ. ನಡುವೆ ದೊಡ್ಡಮ್ಮನ ಮನೆ ಸಿಕ್ಕಿತು.

ದೊಡ್ಡಮ್ಮ ದೊಡ್ಡಾಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವಳು. ಮನುಷ್ಯರನ್ನು ನೋಡುವಾಗ ಚರ್ಮ ಅಡ್ಡ ಬಂತಲ್ಲ ಅನ್ನುವ ಹಾಗೆ ನೋಡುತ್ತಾಳೆ. ನನ್ನ ಮಾತನ್ನೆಲ್ಲ ಕೇಳಿ, ಒಂದೇ ಒಂದು ಕೇಳಿದಳು.

"ಉರಿ ಯಾವತ್ತು ಶುರುವಾಯ್ತು?"

"ಭಾನುವಾರ."

"ಹಾಗಾದ್ರೆ ಸುಟ್ಟಿದ್ದು ಭಾನುವಾರ ಅಲ್ಲ."

ಬೆಂಕಿ ಇವತ್ತು ಮುಟ್ಟಿದರೆ ಇವತ್ತೇ ಸುಡುತ್ತದೆ, ಎಕ್ಸ್‌ರೇ ಹಾಗಲ್ಲ ಅಂತ ವಿವರಿಸಿದಳು. ಮುಟ್ಟಿದಾಗ ಬಿಸಿಯಿಲ್ಲ, ನೋವಿಲ್ಲ, ಬಣ್ಣವಿಲ್ಲ. ಎರಡು ಮೂರು ವಾರ ಸುಮ್ಮನಿದ್ದು ಆಮೇಲೆ ಏಳುತ್ತದೆ. ಅಷ್ಟರಲ್ಲಿ ಎಲ್ಲಿ ಏನು ಮುಟ್ಟಿದೆ ಅನ್ನುವುದೇ ಮನುಷ್ಯನಿಗೆ ಮರೆತಿರುತ್ತದೆ. ಹಿಂದೆ ಎಷ್ಟೋ ಜನ ಹೀಗೆ ಬೇರೆ ಯಾವುದರದೋ ಮೇಲೆ ತಪ್ಪು ಹೊರಿಸಿದ್ದಾರೆ ಅಂದಳು.

"ಮೂರು ವಾರದ ಹಿಂದೆ ನಿಮ್ಮಣ್ಣ ಏನ್ ಮಾಡ್ತಿದ್ದ?"

ನೆನಪಿತ್ತು. ಒಂದು ಹೋಟೆಲಿನ ಬೋರ್ಡು, ನಲವತ್ತೊಂದು ಅಕ್ಷರ. ಸೋಮವಾರದಿಂದ ಗುರುವಾರದವರೆಗೆ ನಾಲ್ಕೂ ಮಧ್ಯಾಹ್ನ ಬರ್ನರಿನ ಮುಂದಿನಿಂದ ಎದ್ದಿರಲಿಲ್ಲ. ಊಟಕ್ಕೆ ಕರೆದರೂ ಬಂದಿರಲಿಲ್ಲ.

"ನಡಿ, ಆ ಕೋಣೆ ನೋಡೋಣ," ಅಂದಳು ದೊಡ್ಡಮ್ಮ. "ಕರೆಂಟಿನ ಕೈ ಆಮೇಲೆ ಮುರಿಯುವೆಯಂತೆ."

ಬುಧವಾರ ಬೆಳಿಗ್ಗೆ ಮೂವರನ್ನೂ ಕರೆಸಿದೆವು. ಹಿಂದಿನ ಓಣಿಯ ಬಾಗಿಲಿನ ಬೀಗದ ಕೈ ನಾಲ್ವರ ಹತ್ತಿರವೂ ಒಂದೊಂದಿತ್ತು. ಯಾರು ಯಾವಾಗ ಬೇಕಾದರೂ ಬರಬಹುದು. ಬರ್ನರಿಗೆ ಗಾಳಿ ಊದುವ ಬ್ಲೋಯರ್ ಅಂಗಡಿಯಲ್ಲಿ ಬೊಬ್ಬೆ ಹೊಡೆಯುವಾಗ ಈ ಕೋಣೆಯಲ್ಲಿ ಕುದುರೆ ಕುಣಿದರೂ ಅಣ್ಣನಿಗೆ ಕೇಳಿಸುವುದಿಲ್ಲ.

ಕೋಣೆಯ ಶಿಸ್ತೆಲ್ಲ ಮೇಷ್ಟ್ರದು. ಮೇಜಿಗೆ ದಪ್ಪ ಸೀಸದ ತಗಡಿನ ಅಡ್ಡಗೋಡೆ ಭದ್ರವಾಗಿ ಹೊಡೆದಿತ್ತು. ಟ್ಯೂಬು ಅದರಾಚೆ, ಮನುಷ್ಯರು ಈಚೆ. ವೋಲ್ಟೇಜಿನ ಪೆಟ್ಟಿಗೆಯ ಮೇಲೆ ಎರಡು ಹಿತ್ತಾಳೆ ಗುಂಡು, ನಡುವೆ ಐದು ಮಿಲಿಮೀಟರ್ ಜಾಗ. ವೋಲ್ಟೇಜ್ ಮಿತಿ ಮೀರಿದರೆ ಅಲ್ಲಿ ಕಿಡಿ ಹಾರಿ ಟ್ಯೂಬಿಗೆ ಹೋಗುವುದು ತಪ್ಪುತ್ತದೆ. ಬಾಗಿಲ ಪಕ್ಕ ನಾಲ್ಕು ಮೊಳೆ. ಮೊಳೆಗೊಂದು ಪುಟ್ಟ ಫಿಲ್ಮಿನ ಪೊಟ್ಟಣ. ಹಲ್ಲಿನ ಡಾಕ್ಟರು ಬಾಯೊಳಗೆ ಇಟ್ಟು ಎಕ್ಸ್‌ರೇ ತೆಗೆಯುತ್ತಾರಲ್ಲ, ಅದೇ.

ಅದರ ಕ್ರಮವನ್ನು ಮೇಷ್ಟ್ರೇ ಪಾಠ ಮಾಡಿದ ಹಾಗೆ ಹೇಳಿದರು. ಕೋಣೆಗೆ ಬಂದವನು ಮೊದಲು ತನ್ನ ಫಿಲ್ಮನ್ನು ಅಂಗಿಗೆ ಚುಚ್ಚಿಕೊಳ್ಳಬೇಕು, ಆಮೇಲೇ ಸ್ವಿಚ್ಚು. ಪೊಟ್ಟಣದ ಮುಂಭಾಗಕ್ಕೆ ಪ್ರತಿಯೊಬ್ಬರದೂ ಒಂದೊಂದು ಲೋಹದ ಗುರುತು ಅಂಟಿಸಿದೆ. ಅಣ್ಣನದು ಉಂಗುರ, ತಣ್ಣಪ್ಪನದು ತಾಮ್ರದ ವಾಷರ್, ಕರೆಂಟಿನದು ಜೆಮ್ ಕ್ಲಿಪ್ಪು, ಮೇಷ್ಟ್ರದು ಒಂದು ಪುಟ್ಟ ಬೀಗದ ಕೈ. ಎಕ್ಸ್‌ರೇ ಬಿದ್ದಿದ್ದರೆ ಫಿಲ್ಮು ತೊಳೆದಾಗ ಕಪ್ಪಾಗಿರುತ್ತದೆ, ಗುರುತಿನ ನೆರಳು ಬಿಳಿಯಾಗಿ ಉಳಿದಿರುತ್ತದೆ. ಪೊಟ್ಟಣದ ಬೆನ್ನಿಗೆ ಹೆಸರು ಬರೆದಿದೆ. ಹೋಗುವಾಗ ಅದನ್ನು ಮೊಳೆಗೆ ಹಾಕಬೇಕು, ಮುಖ ಗೋಡೆಗೆ, ಹೆಸರು ಕೋಣೆಗೆ. ಯಾರು ಫಿಲ್ಮು ಹಾಕಿಕೊಂಡಿಲ್ಲ ಅನ್ನುವುದು ಆಗ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ತಿಂಗಳ ಕೊನೆಗೆ ಮೇಷ್ಟ್ರು ಅವನ್ನು ಬಿಚ್ಚಿ ತೊಳೆಯುತ್ತಾರೆ, ಹೊಸದು ಹಾಕುತ್ತಾರೆ.

"ಹನ್ನೆರಡು ವರ್ಷದಲ್ಲಿ ಒಂದು ಫಿಲ್ಮೂ ಕಪ್ಪಾಗಿಲ್ಲ ತಾಯಿ," ಅಂದರು ಮೇಷ್ಟ್ರು. ಬಾಡಿದ ಮುಖ, ಇಸ್ತ್ರಿ ಮಾಡಿದ ಅಂಗಿ. ಅವರೊಬ್ಬರ ಮೇಲೆ ನನಗೆ ಕನಿಕರ ಬಂತು. ಪಾಪ, ಅವರ ಕಾವಲಿನಲ್ಲೇ ಹೀಗಾಯಿತಲ್ಲ ಅಂತ.

ದೊಡ್ಡಮ್ಮ ಒಬ್ಬೊಬ್ಬರನ್ನೇ ಹೊರಗೆ ಕೂರಿಸಿ ಕೇಳಿದಳು. ಆ ನಾಲ್ಕು ಮಧ್ಯಾಹ್ನ ಎಲ್ಲಿದ್ದೆ? ಯಾರು ನೋಡಿದ್ದಾರೆ? ಕರೆಂಟು ತನ್ನ ಅಂಗಡಿಯಲ್ಲಿ ಒಬ್ಬನೇ ಇದ್ದನಂತೆ. ತಣ್ಣಪ್ಪ ಮನೆಮನೆ ಸುತ್ತುತ್ತಿದ್ದನಂತೆ, ಯಾವ ಮನೆ ಅನ್ನುವುದು ನೆನಪಿಲ್ಲವಂತೆ. ಮೇಷ್ಟ್ರು ಮನೆಯಲ್ಲಿ ಪುಸ್ತಕ ಓದುತ್ತಿದ್ದರಂತೆ. ಒಬ್ಬರಿಗೂ ಸಾಕ್ಷಿಯಿಲ್ಲ.

ತಣ್ಣಪ್ಪ ಮಾತ್ರ ಕೇಳದೆಯೇ ಬೆವರುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ. ಎರಡು ಸಲ ಗದರಿದ್ದಕ್ಕೆ ಬಾಯಿಬಿಟ್ಟ. ಹಿಂದಿನ ತಿಂಗಳು ಒಂದು ಟ್ಯೂಬಿಗೆ ಪಂಪ್ ಹಾಕಿ, ಊಟಕ್ಕೆ ಹೋಗಿ, ಮರೆತು ಸಂಜೆ ಬಂದನಂತೆ. ಅಷ್ಟು ಹೊತ್ತಿಗೆ ಒಳಗಿನ ಗಾಳಿಯೆಲ್ಲ ಹೋಗಿ, ಕರೆಂಟ್ ಕೊಟ್ಟರೆ ಬೆಳಕೇ ಬರಲಿಲ್ಲ. ಅಣ್ಣ ಅದಕ್ಕೆ 'ಸತ್ತಿದೆ' ಅಂತ ಚೀಟಿ ಅಂಟಿಸಿ ಅಟ್ಟದ ಮೇಲಿಟ್ಟ. ಒಂದು ಟ್ಯೂಬು ಹಾಳು ಮಾಡಿದೆ ಅನ್ನುವ ಅಳುಕು ಬಿಟ್ಟರೆ ತನಗೇನೂ ಗೊತ್ತಿಲ್ಲ ಅಂದ.

ಕರೆಂಟನ್ನು ನಾನೇ ವಿಚಾರಿಸಿದೆ.

"ನೀನೇ ಅಲ್ವಾ ವೋಲ್ಟೇಜ್ ಏರಿಸ್ಬೇಕು ಅಂದಿದ್ದು?"

"ಅಂದಿದ್ದು ಹೌದು. ಏರಿಸಿಲ್ಲ."

"ಮತ್ತೆ ಯಾಕೆ ನನ್ನ ಮುಖ ನೋಡ್ತಿಲ್ಲ?"

ಅವನು ತಲೆ ಕೆರೆದುಕೊಂಡ. ಆ ಹೋಟೆಲ್ ಬೋರ್ಡಿನ ವಾರ ಮುಗಿದ ಭಾನುವಾರ ಬಂದಾಗ ಹಿತ್ತಾಳೆ ಗುಂಡುಗಳ ನಡುವಿನ ಜಾಗ ಜಾಸ್ತಿಯಾಗಿತ್ತಂತೆ. ಯಾರೋ ತಿರುಪು ತಿರುಗಿಸಿ ಮಿತಿಯನ್ನೇ ತೆಗೆದುಹಾಕಿದ್ದಾರೆ. ಬಾಯಿಬಿಟ್ಟರೆ ತನ್ನ ತಲೆಗೇ ಬರುತ್ತದೆ ಅಂತ ಸದ್ದಿಲ್ಲದೆ ಸರಿ ಮಾಡಿದನಂತೆ. "ನೀನು ಹಿಂಗೇ ಕುತ್ತಿಗೆಗೆ ಬರ್ತೀಯ ಅಂತ ಗೊತ್ತಿತ್ತಕ್ಕ," ಅಂದ. ಕಪಾಳಕ್ಕೆ ಕೊಡಬೇಕು ಅನ್ನಿಸಿತು. ಆದರೆ ಟಿಕೆಟ್ ತೆಗೆಯದವನ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು. ಇವನದು ಹಾಗಿರಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ ಸ್ಟೂಲು ಹತ್ತಿ ಅಟ್ಟ ತಡಕುತ್ತಿದ್ದಳು. ಸತ್ತ ಟ್ಯೂಬನ್ನು ಬೆಳಕಿಗೆ ಹಿಡಿದಳು. ಅಟ್ಟದ ಮೇಲೆಲ್ಲ ಬೆರಳು ದಪ್ಪ ಧೂಳು, ಟ್ಯೂಬಿನ ಮೇಲೆ ಮಾತ್ರ ಚೂರೂ ಇಲ್ಲ. ಒಂದು ಪಕ್ಕದಲ್ಲಿ ಗಾಜು ಕಂದು ಬಣ್ಣಕ್ಕೆ ತಿರುಗಿತ್ತು, ತೊಳೆಯದ ಟೀ ಲೋಟದ ಹಾಗೆ.

"ಇದು ಸತ್ತಿಲ್ಲ ಕಣೇ," ಅಂದಳು ಮೆಲ್ಲಗೆ. "ಬೆಳಗೋ ಟ್ಯೂಬು ಪಾಪದ್ದು. ಒಳಗೆ ಇನ್ನೂ ಗಾಳಿ ಇದೆ ಅಂತ ಅರ್ಥ. ಗಾಳಿ ಪೂರ್ತಿ ಹೋದ್ರೆ ಬೆಳಕೂ ಹೋಗತ್ತೆ. ಆಗ ಜನ ಕೆಟ್ಟೋಯ್ತು ಅಂತಾರೆ. ಅದಕ್ಕೆ ಜಾಸ್ತಿ ವೋಲ್ಟೇಜ್ ಕೊಟ್ಟು ನೋಡು, ಎಕ್ಸ್‌ರೇ ಬರತ್ತೆ. ನಮ್ಮ ಆಸ್ಪತ್ರೆ ಮೆಷೀನಲ್ಲಿ ಇರೋದೂ ಇಂಥದ್ದೇ ಕತ್ತಲೆ ಟ್ಯೂಬು."

ಆಮೇಲೆ ಟೇಪು ಹಿಡಿದು ಅಂಗಡಿಗೂ ಕೋಣೆಗೂ ಓಡಾಡಿದಳು. ಅಂಗಡಿಯ ಕಡೆ, ಅಣ್ಣ ಕೂರುವಲ್ಲಿ, ಅವನ ಬಲಗೈ ಊರುವ ಮರದ ದಿಮ್ಮಿ ಹಲಗೆ ಗೋಡೆಗೆ ತಾಗಿಕೊಂಡೇ ಇತ್ತು. ನನ್ನನ್ನು ಕೂರಿಸಿ ಕೈ ಇಡಿಸಿದಳು. ಹಲಗೆಗೆ ತಾಗಿದ್ದು ಕಿರುಬೆರಳು, ಉಂಗುರದ ಬೆರಳು, ಕೈಯ ಹೊರಬದಿ. ಕೋಣೆಯ ಕಡೆ, ಸರಿಯಾಗಿ ಅದೇ ಎತ್ತರದಲ್ಲಿ, ಗೋಡೆಗೆ ಒತ್ತಿ ಒಂದು ಸ್ಟ್ಯಾಂಡು ಇಟ್ಟಿದ್ದ ಗುರುತು ಧೂಳಿನಲ್ಲಿ ಉಳಿದಿತ್ತು.

ಅರ್ಧ ಇಂಚು ಮರದಾಚೆ ಆ ಟ್ಯೂಬು, ಈಚೆ ನನ್ನ ಅಣ್ಣನ ಕೈ. ನಾಲ್ಕು ಮಧ್ಯಾಹ್ನ. ಅವನು ಸೀಟಿ ಹಾಕಿಕೊಂಡು ಹೋಟೆಲಿನ ಅಕ್ಷರ ಬಗ್ಗಿಸುತ್ತಿದ್ದಾಗ, ಇನ್ನೊಬ್ಬ ಹಲಗೆಯ ಆಚೆ ನಿಂತು ಸದ್ದಿಲ್ಲದೆ ಅವನ ಬೆರಳನ್ನು ಬೇಯಿಸುತ್ತಿದ್ದ. ಅಂಥವನನ್ನು ಠಾಣೆಗೆ ಕೊಡುವುದೂ ದಂಡ, ಅದೇ ದಿಮ್ಮಿಯ ಮೇಲೆ ಅವನ ಕೈ ಇಡಿಸಬೇಕು ಅನ್ನಿಸಿತು. ದೊಡ್ಡಮ್ಮನಿಗೆ ಹೇಳಿದೆ ಕೂಡ.

"ಸಿಟ್ಟಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರತ್ತಾ?" ಅಂದಳು. ನಾಲ್ಕೂ ಫಿಲ್ಮು ಕೇಳಿ ಇಸಿದುಕೊಂಡಳು. ಮೇಷ್ಟ್ರೇ ಮೊಳೆಯಿಂದ ತೆಗೆದುಕೊಟ್ಟರು. ನಾನೇ ತೊಳೆದುಕೊಡಲೇ ಅಂತ ಕೇಳಿದರು. ಬೇಡ, ಔಷಧಿಯ ಸೀಸೆ ಮನೆಯಲ್ಲಿ ಇನ್ನೂ ಇದೆ ಅಂದಳು ದೊಡ್ಡಮ್ಮ.

ಸಂಜೆ ಅವಳ ಬಚ್ಚಲುಮನೆಯಲ್ಲಿ, ಕಿಟಕಿಗೆ ಕಂಬಳಿ ಹೊದೆಸಿ, ಫಿಲ್ಮು ತೊಳೆದೆವು. ಬಟ್ಟೆಯ ಕ್ಲಿಪ್ಪು ಹಾಕಿ ಒಣಹಾಕಿದಳು. ನಾಲ್ಕೂ ಕಪ್ಪಾಗಿದ್ದವು. ಮೂರರ ಮೇಲೆ ಏನೇನೋ ಮೀನಿನ ಮುಳ್ಳಿನಂಥ ಗೀರು. ಉಂಗುರವಿಲ್ಲ, ವಾಷರಿಲ್ಲ, ಕ್ಲಿಪ್ಪಿಲ್ಲ. ಮೇಷ್ಟ್ರದು ಮಾತ್ರ ಅಚ್ಚುಕಟ್ಟಾಗಿತ್ತು. ಬೀಗದ ಕೈಯ ನೆರಳು ಹಲ್ಲು ಹಲ್ಲಾಗಿ ಬಿದ್ದಿತ್ತು.

"ಇದೊಂದೇ ಸರಿ ಇರೋದು," ಅಂದೆ. "ಉಳಿದ ಮೂರು ಕೆಟ್ಟಿವೆ."

ದೊಡ್ಡಮ್ಮ ಕಂಬಳಿ ಮಡಚಿದಳು. ಭಾನುವಾರ ಎಲ್ಲರೂ ಬರಲಿ ಅಂದಳು.

ಭಾನುವಾರ ಮಧ್ಯಾಹ್ನ. ಅದೇ ಕೋಣೆ. ಅಣ್ಣ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ. ಮಾರನೆಯ ದಿನ ಆಸ್ಪತ್ರೆ. ಬಾಗಿಲಿಗೆ ನಾನು ಬೆನ್ನು ಕೊಟ್ಟು ನಿಂತೆ, ಯಾರೂ ನುಸುಳದ ಹಾಗೆ.

ದೊಡ್ಡಮ್ಮ ಮೊದಲು ಹೊಸ ಪೊಟ್ಟಣವೊಂದನ್ನು ಎಲ್ಲರೆದುರೇ ಬಿಚ್ಚಿದಳು. ಕಪ್ಪು ಕಾಗದ, ಫಿಲ್ಮು, ಅದರ ಬೆನ್ನಿಗೆ ಒಂದು ತೆಳ್ಳನೆಯ ಸೀಸದ ಹಾಳೆ. ಹಾಳೆಯ ಮೇಲೆ ಮೀನಿನ ಮುಳ್ಳಿನ ಗೆರೆ ಒತ್ತಿತ್ತು.

"ಹಲ್ಲಿನ ಫಿಲ್ಮಲ್ಲಿ ಇದನ್ನ ಯಾಕೆ ಇಡ್ತಾರೆ ಗೊತ್ತಾ? ಹುಡುಗರು ಕೆಲಸ ಕಲಿಯುವಾಗ ಪೊಟ್ಟಣ ತಿರುಗಾಮುರುಗಾ ಇಡ್ತಾರೆ. ಆಗ ಎಕ್ಸ್‌ರೇ ಬೆನ್ನಿಂದ ಬರತ್ತೆ, ಈ ಮುಳ್ಳಿನ ಗೆರೆ ಫಿಲ್ಮಿನ ಮೇಲೆ ಬೀಳತ್ತೆ. ಅದನ್ನ ನೋಡಿ ನಾವು ಬೈಯೋದು."

ಒಣಗಿದ ಫಿಲ್ಮುಗಳನ್ನು, ಅವುಗಳ ಲೋಹದ ಗುರುತುಗಳ ಜೊತೆ, ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಈ ಮೂರರ ಮೇಲೆ ಮುಳ್ಳಿದೆ. ಗುರುತಿನ ನೆರಳಿಲ್ಲ. ಅಂದ್ರೆ ಎಕ್ಸ್‌ರೇ ಬಂದಾಗ ಇವು ಮೊಳೆ ಮೇಲಿದ್ವು. ಮುಖ ಗೋಡೆಗೆ, ಬೆನ್ನು ಕೋಣೆಗೆ. ಈ ಮೂರು ಜನ ಫಿಲ್ಮು ಹಾಕ್ಕೊಂಡಿರಲಿಲ್ಲ. ಇಲ್ಲಿ ಇರಲೂ ಇಲ್ಲ."

ಅವಳು ನಾಲ್ಕನೆಯದನ್ನು ಎತ್ತಿದಳು.

"ಇದರಲ್ಲಿ ಮುಳ್ಳಿಲ್ಲ. ಗುರುತಿನ ನೆರಳಿದೆ. ಇದು ಮೊಳೆ ಮೇಲಿರಲಿಲ್ಲ, ಎದೆ ಮೇಲಿತ್ತು. ಟ್ಯೂಬಿಗೆ ಮುಖ ಮಾಡಿ ನಿಂತಿದ್ದವನ ಎದೆ ಮೇಲೆ."

ಕರೆಂಟು, "ಬೀಗದ ಕೈ..." ಅಂದು ಅರ್ಧಕ್ಕೇ ನಿಲ್ಲಿಸಿದ.

"ಬೇರೆಯವರಾಗಿದ್ರೆ ಫಿಲ್ಮು ಮುಟ್ಟದೆ ಸ್ವಿಚ್ ಹಾಕ್ತಿದ್ರು," ಅಂದಳು ದೊಡ್ಡಮ್ಮ. "ಆಗ ನಾಲ್ಕರ ಮೇಲೂ ಮುಳ್ಳೇ ಇರ್ತಿತ್ತು, ನಾನು ಸುಮ್ಮನೆ ಮನೆಗೆ ಹೋಗ್ತಿದ್ದೆ. ಹನ್ನೆರಡು ವರ್ಷದ ಅಭ್ಯಾಸ ಬಿಡಲಿಲ್ಲ ನಿಮ್ಮನ್ನ. ಕೆಡುಕು ಮಾಡೋಕೆ ಬಂದಾಗಲೂ ಮೊದಲು ಫಿಲ್ಮು, ಆಮೇಲೆ ಸ್ವಿಚ್ಚು. ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಮೇಜಿನ ಮೇಲಿನ ಸೀಸದ ಹಾಳೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಗೆರೆಗಳ ಮೇಲೆ ಉಗುರು ಎಳೆದು ನೋಡಿದರು.

"ಕತ್ತಲೆಯಲ್ಲಿ ಬಿಚ್ಚಿ ಎಸೀತಿದ್ದೆ," ಅಂದರು. "ಇದರ ಮೇಲೆ ಗೆರೆ ಇದೆ ಅಂತ ಇವತ್ತೇ ಗೊತ್ತಾಗಿದ್ದು. ನಾಲ್ಕೂ ಒಂದೇ ಥರ ಕಪ್ಪಾಗತ್ತೆ ಅಂದ್ಕೊಂಡಿದ್ದೆ."

ನಾನು ನುಗ್ಗಿದೆ. ತಣ್ಣಪ್ಪ ತಡೆಯದಿದ್ದರೆ ಆ ಇಸ್ತ್ರಿ ಅಂಗಿಯ ಕೊರಳಪಟ್ಟಿ ನನ್ನ ಕೈಯಲ್ಲಿರುತ್ತಿತ್ತು. ಅನ್ನ ಹಾಕಿದ ಕೈಯನ್ನೇ ಸುಟ್ಟೆಯಲ್ಲ, ಕೆಲಸ ಹೋಗಿ ಬೀದಿಯಲ್ಲಿ ನಿಂತಾಗ ಈ ಕೋಣೆಗೆ ಕರೆದು ಕೂರಿಸಿದವನು ನನ್ನಣ್ಣ ಅಲ್ಲವೇ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಜೇಬಿನಿಂದ ಒಂದು ಲಕೋಟೆ ತೆಗೆದು, ಅದರೊಳಗಿನ ಅಂಗೈಯಗಲದ ಫಿಲ್ಮುಗಳನ್ನು ಮೇಜಿನ ಮೇಲೆ ಹರಡಿದರು. ಆರು. ಆರರಲ್ಲೂ ಒಂದು ಹೆಣ್ಣು ಕೈಯ ಮೂಳೆ. ಕಿರುಬೆರಳು ಸ್ವಲ್ಪ ಸೊಟ್ಟ.

"ಎರಡು ತಿಂಗಳ ಹಿಂದೆ ನಿಮ್ಮಣ್ಣ ಮನೆಯ ಅಟ್ಟ ಖಾಲಿ ಮಾಡ್ತಾ ಒಂದು ಡಬ್ಬ ಕೊಟ್ಟ. ಹಳೇ ಫಿಲ್ಮು, ಕೆಟ್ಟಿದೆಯಾ ನೋಡಿ, ಬೇಕಾದ್ರೆ ಬಳಸ್ಕೊಳಿ ಅಂದ. ತೊಳೆದು ನೋಡಿದೆ. ನನ್ನ ಮಗಳ ಕೈ. ಆರು ವರ್ಷದವಳಿದ್ದಾಗ ಬಾಗಿಲಿಗೆ ಸಿಕ್ಕಿ ಆ ಬೆರಳು ಮುರಿದಿತ್ತು. ಕಟ್ಟು ಕಟ್ಟಿಸಿದ್ದು ನಾನೇ."

ಹನ್ನೆರಡು ವರ್ಷದ ಹಿಂದಿನ ಕಥೆ ನನಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿದ್ದ ಹಾಗೆ. ಶಾಲೆಯ ವಿಜ್ಞಾನ ಪ್ರದರ್ಶನ. ಅಣ್ಣ ಅಲ್ಲಿ ಬೆಳಕಿನ ಟ್ಯೂಬು ತೋರಿಸಿದ್ದ. ಮೇಷ್ಟ್ರ ಮಗಳು ಅವನಿಗೆ ಸಹಾಯಕ್ಕಿದ್ದಳು. ಹದಿನೇಳು ವರ್ಷ, ಅಕ್ಷರ ಬರೆದರೆ ಮುತ್ತು ಪೋಣಿಸಿದ ಹಾಗೆ. ಅಣ್ಣನ ಬೋರ್ಡುಗಳಿಗೆ ಅಕ್ಷರದ ನಕ್ಷೆ ಬರೆದುಕೊಡುತ್ತಿದ್ದವಳೂ ಅವಳೇ. ಪ್ರದರ್ಶನ ಮುಗಿದು ಮೂರು ವಾರಕ್ಕೆ ಅವಳ ಬಲಗೈ ಸುಟ್ಟು ಬೊಬ್ಬೆ ಎದ್ದಿತು. ಶಾಲೆಯ ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವಾಗ ಆಸಿಡ್ ತಾಗಿದೆ, ಮೇಷ್ಟ್ರು ಆಸಿಡ್ ಬೀರುವಿಗೆ ಬೀಗ ಹಾಕದೆ ಬಿಟ್ಟಿದ್ದರು ಅಂತ ವಿಚಾರಣೆಯಲ್ಲಿ ತೀರ್ಮಾನವಾಯಿತು. ಮೇಷ್ಟ್ರ ಕೆಲಸ ಹೋಯಿತು. ಮಗಳು ಮನೆ ಬಿಟ್ಟು ಹೋದಳು.

"ಬೀಗ ಹಾಕಿದ್ದೆ," ಅಂದರು ಮೇಷ್ಟ್ರು. ಮೇಜಿನ ಮೇಲಿದ್ದ ಪುಟ್ಟ ಬೀಗದ ಕೈಯನ್ನು ತೋರಿಸಿದರು. "ಆ ಬೀರುವಿನದೇ ಇದು. ನನ್ನ ಜೇಬಲ್ಲೇ ಇತ್ತು. ಆದ್ರೆ ಎಲ್ಲರೂ ಹಾಕಿರಲಿಲ್ಲ ಅಂದ್ರು. ಮಗಳೂ ಅಂದ್ಲು. ಕೊನೆಗೆ ನಾನೂ ನಂಬಿದೆ. ಮತ್ತೆ ಯಾರಿಗೂ ಹಾಗಾಗಬಾರದು ಅಂತ ಇಲ್ಲಿ ಬಂದು ಮೊಳೆ ಹೊಡೆದೆ, ಸೀಸ ಹೊಡೆದೆ, ನಿಯಮ ಬರೆದೆ. ಯಾರ ಕೋಣೆಯಲ್ಲಿ? ಇವನ ಕೋಣೆಯಲ್ಲಿ."

ದೊಡ್ಡಮ್ಮ ಅಣ್ಣನ ಕಡೆ ತಿರುಗಿದಳು. "ಪ್ರದರ್ಶನದ ಟ್ಯೂಬಿಂದ ಬರೀ ಬೆಳಕು ಬರತ್ತೆ ಅಂತ ವಿಚಾರಣೇಲಿ ಸಹಿ ಹಾಕಿದ್ದು ನೀನಲ್ವಾ?"

ಅಣ್ಣ ಹೌದೆಂದು ತಲೆಯಾಡಿಸಿದ.

"ನಿಂಗೆ ಗೊತ್ತಿತ್ತಾ?" ಅಂದಳು.

"ಸುಡತ್ತೆ ಅಂತ ಪ್ರದರ್ಶನದಲ್ಲಿ ಗೊತ್ತಿರಲಿಲ್ಲ," ಅಂದ. "ಫಿಲ್ಮಿನ ಮೇಲೆ ಮೂಳೆಯ ನೆರಳು ಬೀಳತ್ತಂತೆ, ನೋಡೋಣ ಅಂತ ಜನ ಹೋದ ಮೇಲೆ ಗಾಳಿ ಪೂರ್ತಿ ತೆಗೆದ ಟ್ಯೂಬಿನ ಮುಂದೆ ದಿನಾ ಅರ್ಧರ್ಧ ಗಂಟೆ ಅವಳ ಕೈ ಇಡಿಸಿದೆ. ತೊಳೆಯೋಕೆ ಪುರುಸೊತ್ತಾಗಲಿಲ್ಲ, ಆಮೇಲೆ ಆ ಡಬ್ಬವೇ ಮರೆತುಹೋಯ್ತು. ಅವಳ ಕೈ ಎದ್ದ ಮೇಲೆ ಪುಸ್ತಕ ನೋಡಿದೆ. ಗೊತ್ತಾಯ್ತು. ಹೆದರಿದೆ. ಅಷ್ಟರಲ್ಲಿ ಯಾರೋ ಆಸಿಡ್ ಅಂದ್ರು. ನಾನೂ ಹೂಂ ಅಂದೆ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನು ಯಾಕೆ ನನ್ನ ಮುಖ ನೋಡಲಿಲ್ಲ ಅಂತ ಈಗ ಹೊಳೆಯಿತು. ಡಾಕ್ಟರ ಬಾಯಲ್ಲಿ ಆ ಮಾತು ಕೇಳಿದ ಕ್ಷಣವೇ ಅವನಿಗೆ ಆ ಹುಡುಗಿಯ ಕೈ ಕಣ್ಣಮುಂದೆ ಬಂದಿರಬೇಕು. ನನ್ನ ಸಿಟ್ಟು ನಿಂತ ನೆಲವೇ ಕುಸಿದ ಹಾಗಾಯಿತು. ಸಿಟ್ಟು ಇಳಿಯಲಿಲ್ಲ, ಎರಡಾಯಿತು. ಒಂದು ಮೇಷ್ಟ್ರ ಮೇಲೆ, ಇನ್ನೊಂದು ಒಡಹುಟ್ಟಿದವನ ಮೇಲೆ. ಎರಡನೆಯದೇ ಹೆಚ್ಚು ಸುಡುತ್ತಿತ್ತು.

"ಅವನನ್ನ ಒಂದು ಮಾತು ಕೇಳಬಹುದಿತ್ತಲ್ಲ ಮೇಷ್ಟ್ರೇ," ಅಂದಳು ದೊಡ್ಡಮ್ಮ.

"ಕೇಳಿದ್ರೆ ಮತ್ತೆ ಆಸಿಡ್ ಅಂತಿದ್ದ. ಈಗ ನೋಡಿ. ಸುಡೋದು ಗೊತ್ತಾಗಲ್ಲ, ಮೂರು ವಾರ ಆದ್ಮೇಲೆ ಏಳತ್ತೆ ಅಂತ ಇವನಿಗೂ ಗೊತ್ತಾಯ್ತು. ಅವಳ ಕೈ ಏನಾಯ್ತೋ ಇವನ ಕೈಗೂ ಅದೇ ಆಗ್ಬೇಕಿತ್ತು. ಆಯ್ತು." ಅವರ ಧ್ವನಿ ನಡುಗಲಿಲ್ಲ. "ನಾನು ಮಾಡಿದ್ದು ತಪ್ಪು ಅಂತ ಗೊತ್ತು. ಪಶ್ಚಾತ್ತಾಪ ಇದೆಯಾ ಅಂತ ಕೇಳ್ಬೇಡಿ."

ನಾನು ಬ್ಯಾಗಿನಿಂದ ಕಾಗದ ತೆಗೆದೆ. ದೂರು ಬರೆಯಲು ಅಂತಲೇ ತಂದದ್ದು. ಮೇಷ್ಟ್ರು ತಾವೇ ಹೇಳಿ ಬರೆಸಿದರು — ಯಾವ ದಿನ, ಎಷ್ಟು ಹೊತ್ತು, ಗುಂಡುಗಳನ್ನು ಎಷ್ಟು ದೂರ ಸರಿಸಿದೆ. ಒಂದನ್ನೂ ಮುಚ್ಚಿಡಲಿಲ್ಲ. ಸಹಿ ಹಾಕುವ ಮುಂಚೆ ಪೆನ್ನು ನಿಲ್ಲಿಸಿ ಅಣ್ಣನ ಕಡೆ ನೋಡಿದರು. "ಅವನದೂ ಬರೀಲಿ. ಆಮೇಲೆ ನಂದು."

ಅಣ್ಣನ ಬಲಗೈಗೆ ಬ್ಯಾಂಡೇಜು. ಅವನು ಹೇಳಿದ, ನಾನೇ ಬರೆದೆ. ಒಡಹುಟ್ಟಿದವನ ತಪ್ಪನ್ನು ನನ್ನ ಕೈಯಲ್ಲೇ ಬರೆಯುವಾಗ ಎರಡು ಕಡೆ ಕಾಗದ ಹರಿಯುವ ಹಾಗೆ ಪೆನ್ನು ಒತ್ತಿದೆ. "ಮೇಷ್ಟ್ರ ಮಗಳ ಕೈ ಸುಟ್ಟದ್ದು ಆಸಿಡ್ ಅಲ್ಲ, ನನ್ನ ಟ್ಯೂಬು. ನನಗೆ ಗೊತ್ತಿತ್ತು. ಸುಳ್ಳು ಸಹಿ ಹಾಕಿದೆ." ಅವನು ಎಡಗೈಯಲ್ಲಿ ಸಹಿ ಹಾಕಿದ. ಒಂದನೇ ಕ್ಲಾಸಿನ ಮಗುವಿನ ಅಕ್ಷರದಂತಿತ್ತು.

ಮೇಷ್ಟ್ರು ಬಗ್ಗಿ ನೋಡಿ, "ತಾರೀಖು ಹಾಕಿಲ್ಲ," ಅಂದರು. ಅಣ್ಣ ತಾರೀಖು ಹಾಕಿದ. ಆಮೇಲೆ ಮೇಷ್ಟ್ರು ತಮ್ಮ ಸಹಿ ಹಾಕಿದರು.

ಅದೇ ಸಂಜೆ ಎರಡೂ ಕಾಗದ ಠಾಣೆಗೆ ಕೊಟ್ಟೆ. ಮೇಷ್ಟ್ರು ನಮ್ಮ ಜೊತೆ ತಾವೇ ನಡೆದು ಬಂದರು. ಸೋಮವಾರ ಅಣ್ಣನ ಎರಡು ಬೆರಳು ತೆಗೆದರು. ಮಾಡಿದವನನ್ನು ಬಿಡುವುದಿಲ್ಲ ಅಂದಿದ್ದೆ. ಇಬ್ಬರನ್ನೂ ಬಿಡಲಿಲ್ಲ. ಅಣ್ಣನ ಊಟದ ಡಬ್ಬಿಯನ್ನು ಆಸ್ಪತ್ರೆಗೆ ಒಯ್ದು ಕೊಡುತ್ತೇನೆ. ಮಾತು ಮಾತ್ರ ಇನ್ನೂ ಆಡಿಲ್ಲ.

ಮಂಗಳವಾರ ನನ್ನ ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಇಳಿದು ಮೇಷ್ಟ್ರ ಮಗಳು ಕೆಲಸ ಮಾಡುವ ಗ್ರಂಥಾಲಯಕ್ಕೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸಿನ ಬಲಗೈಗೆ ತೆಳ್ಳನೆಯ ಕೈಗವಸು. ಅಣ್ಣನ ಕಾಗದದ ಪ್ರತಿಯನ್ನು ಮುಂದಿಟ್ಟೆ. ನಾನು ಯಾರು ಅಂತಲೂ ಹೇಳಿದೆ, ಅವಳ ಅಪ್ಪ ಏನು ಮಾಡಿದರು ಅಂತಲೂ ಹೇಳಿದೆ. ಅವಳು ಎರಡು ಸಲ ಓದಿದಳು. ಬೈಯುತ್ತಾಳೆ ಅಂತ ಕಾದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

"ಹಾಗಾದ್ರೆ ಅಪ್ಪ ಬೀಗ ಹಾಕಿದ್ರಾ?" ಅಂದಳು.

"ಹಾಕಿದ್ರು."

ಅವಳು ಕಾಗದ ಮಡಚಿದಳು. ಪಕ್ಕದವರಿಗೆ ಕೌಂಟರು ನೋಡಿಕೊಳ್ಳಲು ಹೇಳಿ, ಅಪ್ಪ ಯಾವ ಠಾಣೆಯಲ್ಲಿದ್ದಾರೆ ಅಂತ ಕೇಳಿದಳು. ನನ್ನ ಬಸ್ಸೇ ಆ ಕಡೆ ಹೋಗುತ್ತದೆ ಅಂದೆ. ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಟಿಕೆಟ್ ಹರಿದು ಚಾಚಿದೆ. ಅವಳು ಕೈಗವಸು ತೆಗೆದು, ಉಳಿದ ಬೆರಳುಗಳಲ್ಲಿ ಅದನ್ನು ತೆಗೆದುಕೊಂಡಳು.